ವೃದ್ಧಸೇವೆ ಮತ್ತು ಅದರ ಪರೀಕ್ಷೆ

ತಾಯಿಯನ್ನೂ ತಂದೆಯನ್ನೂ ದೇವರೆಂದು ಭಾವಿಸಬೇಕೆಂಬ ತೈತ್ತಿರೀಯ ಶಿಕ್ಷಾವಲ್ಲಿಯ ಉಪದೇಶವನ್ನು ಕೇಳದ ಕುಟುಂಬ ನಮ್ಮ ಸಮಾಜದಲ್ಲಿ ವಿರಳ. ಉಪನೀತನಾದ ಬಾಲಕನೂ ಅದನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲನು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ದೇವಸ್ಥಾನದಲ್ಲಿ ನೈವೇದ್ಯಕ್ಕೆ ಅರ್ಧ ಗಂಟೆ ತಡವಾದರೆ ಅರ್ಚಕರನ್ನು ಕೇಳುವವರು ಹತ್ತು ಮಂದಿ ಇರುತ್ತಾರೆ. ಹಾಗೆ ಕೇಳುವುದು ನ್ಯಾಯವೇ ಆಗಿದೆ. ದೇವರೆಂದು ಭಾವಿಸಬೇಕಾದ ತಂದೆಯು ಎಲ್ಲೋ ಒಂದು ವೃದ್ಧಾಶ್ರಮದ ಮಂಚದ ಮೇಲೆ ಮಲಗಿದ್ದು, ಅವರ ಗಂಜಿಗೆ ತಡವಾದರೆ ಕೇಳುವವರು ಯಾರು? ಕೇಳುವುದು ಯಾರ ಕರ್ತವ್ಯ? ಈ ಲೇಖನದಲ್ಲಿ ವಿಚಾರ ಮಾಡಬಯಸುವುದು ಈ ಒಂದು ಪ್ರಶ್ನೆಯನ್ನೇ.

ವೃದ್ಧರನ್ನು ಆಶ್ರಮಕ್ಕೆ ಕಳುಹಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಉಪನ್ಯಾಸ ವೇದಿಕೆಗಳಲ್ಲಿ ಅನೇಕ ಸಲ ನಡೆದಿದೆ. ಅದನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ. ಎಂಬತ್ತೈದು ದಾಟಿದ ತಾಯಿಯನ್ನು ಎತ್ತಿ ಕೂರಿಸಬೇಕಾದ ಮಗಳಿಗೇ ಅರವತ್ತು ತುಂಬಿರುತ್ತದೆ. ಆಕೆಯ ಮೊಣಕಾಲುಗಳೇ ಆಕೆಯ ಮಾತು ಕೇಳುವುದಿಲ್ಲ. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇದ್ದು, ಧಾರವಾಡದ ಅಥವಾ ಉಡುಪಿಯ ಮನೆಯಲ್ಲಿ ಒಬ್ಬರೇ ವೃದ್ಧರು ಬಾಗಿಲು ಹಾಕಿಕೊಂಡು ಕುಳಿತಿರುವುದೂ ಉಂಟು. ಇಂಥ ಕಡೆಗಳಲ್ಲಿ ಆಶ್ರಮಕ್ಕೆ ಸೇರಿಸಿದ್ದೆಲ್ಲವೂ ಪರಿತ್ಯಾಗವೆಂದು ಹೇಳಿಬಿಡುವುದು ವಾಸ್ತವವನ್ನು ಬಲ್ಲವರ ಮಾತಲ್ಲ. ಸೇರಿಸಿದ ಮೇಲೆ ಏನು ಎಂಬುದೇ ವಿಚಾರಾರ್ಹವಾದ ಸಂಗತಿ.

ಪ್ರಾಸಂಗಿಕವಾಗಿ ಒಂದು ಮಾತು. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಂ ಎಂದರೆ ಹತ್ತಿಪ್ಪತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆ ಎಂದೇ ರೂಢಿ. ಪಶ್ಚಿಮ ದೇಶಗಳಲ್ಲಿ ಅದೇ ಶಬ್ದಕ್ಕೆ, ಹಾಸಿಗೆ ಹಿಡಿದ ವೃದ್ಧರನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಮನೆ ಎಂದು ಅರ್ಥ. ಬೆಂಗಳೂರು, ಮೈಸೂರುಗಳಲ್ಲಿ ಇಂಥ ಮನೆಗಳು ವೃದ್ಧಾಶ್ರಮ, ಆರೈಕೆ ಕೇಂದ್ರ ಮುಂತಾದ ಹೆಸರುಗಳಿಂದ ನಡೆಯುತ್ತಿವೆ. ನಡೆದಾಡುವ ಶಕ್ತಿಯುಳ್ಳವರ ಆಶ್ರಮ ಬೇರೆ, ಮಗ್ಗುಲು ಬದಲಿಸುವುದಕ್ಕೂ ಪರರ ಕೈ ಬೇಕಾದವರ ಆಶ್ರಮ ಬೇರೆ. ಮೊದಲನೆಯದಕ್ಕೆಂದು ಏರ್ಪಟ್ಟ ಸ್ಥಳದಲ್ಲಿ ಎರಡನೆಯ ಬಗೆಯವರನ್ನು ಸೇರಿಸುವುದರಿಂದಲೇ ಅನೇಕ ಅನರ್ಥಗಳು ಹುಟ್ಟುತ್ತವೆ.

ಆರೈಕೆಯನ್ನು ಪರೀಕ್ಷಿಸಬೇಕೆಂದಾಗ ನಮ್ಮವರಿಂದ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಸೇವೆ ಮಾಡುವವರನ್ನು ಶಂಕಿಸುವುದು ಕೃತಘ್ನತೆ ಎಂಬುದು. ಇನ್ನೊಂದು, ಅವರವರ ಪ್ರಾರಬ್ಧ ಅವರವರು ಉಣ್ಣಬೇಕು, ನಾವು ಮಾಡುವುದೇನಿದೆ ಎಂಬುದು. ಎರಡನೆಯದನ್ನು ಮೊದಲು ನೋಡೋಣ. ನನ್ನ ಪ್ರಾರಬ್ಧವೇ ನನಗೆ ತಿಳಿಯದು. ಮತ್ತೊಬ್ಬರ ಪ್ರಾರಬ್ಧವನ್ನು ತಿಳಿದವನಂತೆ ನಾನು ಸುಮ್ಮನಿರುವುದು ಹೇಗೆ? ನನಗೆ ಜ್ವರ ಬಂದಾಗ ವೈದ್ಯರ ಬಳಿಗೆ ಓಡುವವನು ತಂದೆಯ ಬೆನ್ನ ಹುಣ್ಣಿಗೆ ಮಾತ್ರ ಪ್ರಾರಬ್ಧವೆಂದರೆ ಅದು ತತ್ತ್ವಜ್ಞಾನವಲ್ಲ, ಆಲಸ್ಯ. ಮೊದಲನೆಯ ಆಕ್ಷೇಪಕ್ಕೆ ಇನ್ನಷ್ಟು ತೂಕವಿದೆ. ಅದಕ್ಕೆ ಉತ್ತರವನ್ನು ಮಹಾಭಾರತದಲ್ಲಿಯೇ ಹುಡುಕುವುದು ಲೇಸು.

ಆಶ್ರಮವಾಸಿಕ ಪರ್ವದ ಆರಂಭವನ್ನು ನಮ್ಮಲ್ಲಿ ಹೆಚ್ಚು ಜನ ಓದುವುದಿಲ್ಲ. ಯುದ್ಧ ಮುಗಿದ ಮೇಲೆ ಪ್ರವಚನವನ್ನೂ ಮುಗಿಸಿಬಿಡುವ ಪದ್ಧತಿ ಬಂದಿದೆ. ಅಲ್ಲಿ ಅಂಧನೂ ವೃದ್ಧನೂ ಆದ ಧೃತರಾಷ್ಟ್ರನು ಧರ್ಮರಾಜನ ಆಶ್ರಯದಲ್ಲಿ ಹದಿನೈದು ವರ್ಷ ಇದ್ದ ವೃತ್ತಾಂತವಿದೆ. ಧರ್ಮರಾಜನ ಏರ್ಪಾಡು ಸಾಮಾನ್ಯದ್ದಲ್ಲ. ಹಿಂದಿನಂತೆಯೇ ನುರಿತ ಅಡಿಗೆಯವರು, ಉತ್ತಮ ಹಾಸಿಗೆ, ವಸ್ತ್ರಾಭರಣ. ಜೊತೆಗಿರಲು ವಿದುರ, ಸಂಜಯ, ಯುಯುತ್ಸು. ಗಾಂಧಾರಿಯ ಶುಶ್ರೂಷೆಗೆ ಕುಂತಿ, ದ್ರೌಪದಿ, ಸುಭದ್ರೆಯರು. ವೃದ್ಧರಾಜನ ಮನಸ್ಸಿಗೆ ವಿರುದ್ಧವಾಗಿ ನಡೆದವನು ತನಗೆ ಶತ್ರು ಎಂದು ರಾಜಾಜ್ಞೆ ಬೇರೆ. ಇಂದಿನ ಯಾವ ಆಶ್ರಮದ ವಿವರಣಪತ್ರದಲ್ಲಿಯೂ ಇದಕ್ಕಿಂತ ಹೆಚ್ಚಿನದನ್ನು ಅಚ್ಚು ಮಾಡಿಸಲಾರರು. ಆದರೂ ಆ ವೃದ್ಧನು ಒಳಗೊಳಗೇ ಬೆಂದನು. ಭೀಮಸೇನನು ತನ್ನ ಬಾಹುಗಳಿಂದ ಕೌರವರನ್ನು ಕೊಂದ ಮಾತನ್ನು ಅವನ ಕಿವಿಗೆ ಬೀಳುವಂತೆ ಆಡಿದುದು ಧರ್ಮರಾಜನಿಗೆ ತಿಳಿಯಲಿಲ್ಲ, ಅರ್ಜುನನಿಗೂ ಕುಂತಿಗೂ ತಿಳಿಯಲಿಲ್ಲ. ವೃದ್ಧನು ಊಟವನ್ನು ಕಡಿಮೆ ಮಾಡಿದನು, ನೆಲದ ಮೇಲೆ ಮಲಗಿದನು. ಇದನ್ನು ಬಲ್ಲವಳು ಗಾಂಧಾರಿಯೊಬ್ಬಳೇ. ಕೊನೆಗೊಂದು ದಿನ ಅರಣ್ಯಕ್ಕೆ ಹೋಗಲು ಅನುಮತಿ ಬೇಡುತ್ತ ಶಕ್ತಿಗುಂದಿ ಗಾಂಧಾರಿಯ ಮೇಲೆ ಒರಗಿದಾಗ, ಧರ್ಮರಾಜನು ತಣ್ಣೀರಿನಿಂದ ಅವನ ಎದೆಯನ್ನೂ ಮುಖವನ್ನೂ ತನ್ನ ಕೈಯಿಂದಲೇ ಸವರಿದನು. ಅವನು ಇಷ್ಟು ಕೃಶನಾಗಿದ್ದಾನೆ, ಉಪವಾಸವಿದ್ದಾನೆ ಎಂಬುದು ದೊರೆಗೆ ತಿಳಿದದ್ದು ಆಗ. ಆ ಕೈಯ ಸ್ಪರ್ಶದಿಂದ ಜೀವ ಬಂದಂತಾಯಿತು, ಇನ್ನೊಮ್ಮೆ ಮುಟ್ಟು ಎಂದು ವೃದ್ಧನು ಕೇಳುತ್ತಾನೆ.

ಇಲ್ಲಿ ಒಂದನ್ನು ಸ್ಪಷ್ಟಪಡಿಸಬೇಕು. ಭೀಮಸೇನದೇವರ ಆ ಮಾತುಗಳು ಧೃತರಾಷ್ಟ್ರನಲ್ಲಿ ವೈರಾಗ್ಯವನ್ನು ಹುಟ್ಟಿಸುವುದಕ್ಕಾಗಿ ಎಂಬುದು ನಮ್ಮ ಸಿದ್ಧಾಂತದ ನಿಲುವು. ವಾಯುದೇವರ ಅವತಾರದಲ್ಲಿ ದೋಷವನ್ನು ಎಣಿಸುವುದು ಈ ಲೇಖಕನ ಉದ್ದೇಶವಲ್ಲ. ವಾಚಕರು ಹಾಗೆ ಗ್ರಹಿಸಬಾರದು. ನನ್ನ ದೃಷ್ಟಿ ಇರುವುದು ಧರ್ಮರಾಜನ ಕಡೆಗೆ. ಅವನಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ, ದ್ರವ್ಯಕ್ಕೆ ಕೊರತೆ ಇರಲಿಲ್ಲ, ಆಜ್ಞೆಗೆ ಕೊರತೆ ಇರಲಿಲ್ಲ. ತನ್ನದೇ ಮನೆಯಲ್ಲಿ, ತನ್ನದೇ ಪರಿವಾರದ ಮಧ್ಯದಲ್ಲಿ ನಡೆಯುತ್ತಿದ್ದುದು ಅವನಿಗೆ ತಿಳಿಯದೆ ಹೋಯಿತು. ಸಾಕ್ಷಾತ್ ಯಮಧರ್ಮನ ಪುತ್ರನಿಗೇ ಒಂದೇ ಅರಮನೆಯಲ್ಲಿ ಇದ್ದೂ ತಿಳಿಯದೆ ಹೋದದ್ದು, ತಿಂಗಳಿಗೊಮ್ಮೆ ಹಣ ಕಳುಹಿಸುವ ನಮಗೆ ತಾನಾಗಿಯೇ ತಿಳಿಯುತ್ತದೆಂದು ನಂಬುವುದು ಹೇಗೆ? ಪರೀಕ್ಷೆಯು ಶಂಕೆಯಿಂದ ಹುಟ್ಟಬೇಕಾಗಿಲ್ಲ. ತಿಳಿಯಬೇಕೆಂಬ ಕರ್ತವ್ಯದಿಂದಲೂ ಅದು ಹುಟ್ಟುತ್ತದೆ. ದೇವಸ್ಥಾನದ ಲೆಕ್ಕವನ್ನು ವರ್ಷಕ್ಕೊಮ್ಮೆ ಪರಿಶೋಧಿಸಿದರೆ ಯಾವ ಪ್ರಾಮಾಣಿಕ ಪಾರುಪತ್ತೇದಾರನೂ ಮುನಿಯುವುದಿಲ್ಲ.

ಹಾಗಾದರೆ ಏನನ್ನು ಪರೀಕ್ಷಿಸಬೇಕು? ವೈದ್ಯಕೀಯ ಸೇವೆಯ ಗುಣವನ್ನು ಅಳೆಯುವ ಬಗೆಯ ಕುರಿತು ಅವೇಡಿಸ್ ಡೊನಬೇಡಿಯನ್ ಎಂಬ ವಿದ್ವಾಂಸರು 1966ರಲ್ಲಿ ಒಂದು ಪ್ರಬಂಧ ಬರೆದರು. ಬೈರೂತಿನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು ಅವರು. ಕಟ್ಟಡ, ಸಿಬ್ಬಂದಿ, ಉಪಕರಣ ಮುಂತಾದ ಸಾಧನಗಳು ಒಂದು; ಆ ಸಾಧನಗಳಿಂದ ದಿನವೂ ನಡೆಯುವ ಕ್ರಿಯೆ ಎರಡು; ಆ ಕ್ರಿಯೆಯಿಂದ ರೋಗಿಗೆ ದೊರೆತ ಫಲ ಮೂರು. ಈ ಮೂರನ್ನೂ ನೋಡಬೇಕೆಂಬುದು ಅವರ ವಿವೇಚನೆ. ಯಜ್ಞದಲ್ಲಿ ದ್ರವ್ಯ, ಕರ್ಮ, ಫಲಗಳನ್ನು ಬೇರೆ ಬೇರೆಯಾಗಿ ಎಣಿಸಬಲ್ಲ ನಮ್ಮವರಿಗೆ ಇದು ಹೊಸದೆನಿಸಬಾರದು. ಆದರೂ ವೃದ್ಧಾಶ್ರಮವನ್ನು ನೋಡಲು ಹೋದ ಕುಟುಂಬಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಮಾತ್ರ ನೋಡಿ ಹಿಂದಿರುಗುತ್ತವೆ. ನೆಲಕ್ಕೆ ಹಾಕಿದ ಹೊಳೆಯುವ ಕಲ್ಲು, ತುಳಸೀಕಟ್ಟೆ, ಪ್ರಾರ್ಥನಾ ಮಂದಿರ, ಕಿಟಕಿಯಿಂದ ಕಾಣುವ ತೆಂಗಿನ ತೋಟ ಇವುಗಳಿಂದ ಮನಸ್ಸು ತೃಪ್ತವಾಗಿಬಿಡುತ್ತದೆ. ಆ ಹೊಳೆಯುವ ಕಲ್ಲು ಒದ್ದೆಯಾದಾಗ ಜಾರುತ್ತದೆ ಎಂಬುದು ಹೊಳೆಯುವುದಿಲ್ಲ. ನಸುಕಿನಲ್ಲಿಯೇ ಎದ್ದು ಮಡಿನೀರು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿಯೇ ನಡೆಯುವ ಅಭ್ಯಾಸವುಳ್ಳ ನಮ್ಮ ಹಿರಿಯರಿಗೆ, ಬಚ್ಚಲಿನ ಗೋಡೆಯಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ ಎಂಬುದು ಪ್ರಾರ್ಥನಾ ಮಂದಿರದಷ್ಟೇ ಮುಖ್ಯ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರಲ್ಲಿ ಎಷ್ಟೋ ಮಂದಿ ಮೊದಲಿನಂತೆ ನಡೆಯಲಾರರು.

ನಮ್ಮವರು ತಪ್ಪದೆ ಕೇಳುವ ಪ್ರಶ್ನೆಗಳೆಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲವಷ್ಟೆ, ಅಡಿಗೆಯವರು ಯಾರು, ಚಾತುರ್ಮಾಸ್ಯದ ವ್ರತಗಳನ್ನು ಪಾಲಿಸುತ್ತಾರೆಯೇ ಎಂಬವು. ಈ ಪ್ರಶ್ನೆಗಳನ್ನು ಹಗುರವಾಗಿ ಕಾಣುವ ಆಧುನಿಕರ ಪಕ್ಷದವನು ನಾನಲ್ಲ. ಎಂಬತ್ತು ವರ್ಷ ಒಂದು ಆಚಾರದಲ್ಲಿ ಬಾಳಿದ ಜೀವಕ್ಕೆ ಕೊನೆಗಾಲದಲ್ಲಿ ಅದನ್ನು ಕಿತ್ತುಕೊಂಡರೆ ಆಗುವ ಹಿಂಸೆ ಕಡಿಮೆಯದಲ್ಲ. ಆಚಾರಕ್ಕೆ ಅನುಕೂಲ ಮಾಡಿಕೊಡುವುದೂ ಆರೈಕೆಯ ಗುಣದಲ್ಲಿಯೇ ಸೇರುತ್ತದೆ. ಆದರೆ ಪ್ರಶ್ನೆಯು ಅಲ್ಲಿಗೇ ನಿಲ್ಲಬಾರದು. ಶಾಕ, ದಧಿ, ಕ್ಷೀರ, ದ್ವಿದಳ ಎಂಬ ನಾಲ್ಕು ವ್ರತಗಳನ್ನು ಪಾಲಿಸುತ್ತೇವೆ ಎಂದು ಆಶ್ರಮದವರು ಹೇಳಿದರೆ, ಕ್ಷೀರವ್ರತದ ತಿಂಗಳಲ್ಲಿ ಹಾಲು ನಿಂತಾಗ ಹಾಲನ್ನೇ ನೆಚ್ಚಿರುವ ಹಾಸಿಗೆಯವರಿಗೆ ಬದಲು ಏನು ಕೊಡುತ್ತೀರಿ, ದ್ವಿದಳವ್ರತದಲ್ಲಿ ಬೇಳೆ ನಿಂತಾಗ ಏನು ಕೊಡುತ್ತೀರಿ ಎಂದು ಮುಂದಿನ ಪ್ರಶ್ನೆ ಬರಬೇಕು. ಹುಣ್ಣು ಮಾಯಲು ಬೇಕಾದ ಪುಷ್ಟಿಯು ಈ ಆಹಾರಗಳಿಂದಲೇ ಬರತಕ್ಕದ್ದು. ಕ್ಷೀರವ್ರತದಲ್ಲಿ ಮೊಸರಿಗೆ ನಿಷೇಧವಿಲ್ಲ, ದ್ವಿದಳವ್ರತದಲ್ಲಿ ಹಾಲು ಮೊಸರುಗಳಿಗೆ ನಿಷೇಧವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಬುದ್ಧಿಪೂರ್ವಕವಾಗಿ ಹವಣಿಸುವ ಅಡಿಗೆಮನೆ ಒಂದು ಬಗೆ, ಒಂದು ಪದಾರ್ಥವನ್ನು ಕೈಬಿಟ್ಟು ಸುಮ್ಮನಾಗುವ ಅಡಿಗೆಮನೆ ಇನ್ನೊಂದು ಬಗೆ.

ಇನ್ನು ಪ್ರಮಾಣದ ವಿಚಾರ. ಸುಖದುಃಖಗಳು ಸಾಕ್ಷಿವೇದ್ಯಗಳೆಂದು ಶ್ರೀಮದಾಚಾರ್ಯರ ಸಿದ್ಧಾಂತ. ನನಗೆ ನೋವಾಗುತ್ತಿದೆ ಎಂಬ ಅರಿವು ಸ್ವರೂಪೇಂದ್ರಿಯವಾದ ಸಾಕ್ಷಿಯಿಂದ ಉಂಟಾದುದು. ಅದರಲ್ಲಿ ಭ್ರಮೆಗೆ ಅವಕಾಶವಿಲ್ಲ. ಆದಕಾರಣ ವೃದ್ಧರು ಕಾಲು ನೋಯುತ್ತಿದೆ ಎಂದಾಗ, "ಏನೂ ಇಲ್ಲ, ಸುಮ್ಮನೆ ಹಟ ಮಾಡುತ್ತಾರೆ" ಎಂದು ಪಕ್ಕದಲ್ಲಿ ನಿಂತವರು ಹೇಳುವುದು ಲೋಕದೃಷ್ಟಿಯಿಂದ ಅಸಭ್ಯ ಮಾತ್ರವಲ್ಲ, ಶಾಸ್ತ್ರದೃಷ್ಟಿಯಿಂದ ಅಪ್ರಮಾಣ. ಆ ನೋವಿನ ವಿಷಯದಲ್ಲಿ ಆ ಜೀವನಿಗಿಂತ ಹೆಚ್ಚಿನ ಪ್ರಮಾಣವು ಲೋಕದಲ್ಲಿ ಯಾರ ಬಳಿಯೂ ಇಲ್ಲ. ಇದು ಆರೈಕೆಯ ಪರೀಕ್ಷೆಯಲ್ಲಿ ಮೊದಲು ಒಪ್ಪಬೇಕಾದ ತತ್ತ್ವ: ವ್ಯವಸ್ಥಾಪಕರನ್ನು ಕೇಳುವುದಕ್ಕೆ ಮುಂಚೆ ಮಂಚದಲ್ಲಿರುವವರನ್ನು ಕೇಳಬೇಕು, ಆಶ್ರಮದವರು ಎದುರಿಗಿಲ್ಲದಾಗ ಕೇಳಬೇಕು.

ಆದರೆ ಇಲ್ಲಿಯೇ ಒಂದು ತೊಡಕು. ಸಾಕ್ಷಿಯ ಅರಿವು ನಿರ್ದುಷ್ಟವಾಗಿದ್ದರೂ ಅದನ್ನು ಹೊರಗೆ ತರುವ ಮಾತು ಹಾಗಿರಬೇಕೆಂಬ ನಿಯಮವಿಲ್ಲ. ಮಗನಿಗೆ ಚಿಂತೆಯಾದೀತೆಂದು "ಎಲ್ಲಾ ಚೆನ್ನಾಗಿದೆ ಕಣೋ, ನೀನು ಆರಾಮಾಗಿರು" ಎಂದು ಟೆಲಿಫೋನಿನಲ್ಲಿ ಹೇಳುವ ತಾಯಂದಿರು ಎಷ್ಟು ಮಂದಿ! ದೂರು ಹೇಳಿದರೆ ನಾಳೆ ನೀರು ಕೊಡುವವಳು ಮುನಿದಾಳೆಂಬ ಭಯವೂ ಉಂಟು. ಮರೆವಿನ ರೋಗ ಬಂದವರಿಗಂತೂ ಹೇಳಲು ಶಬ್ದವೇ ಸಿಗುವುದಿಲ್ಲ. ನೋವು ಮಾತ್ರ ಇದ್ದೇ ಇರುತ್ತದೆ. ಶಬ್ದವು ಕೈಕೊಟ್ಟಲ್ಲಿ ನಮಗೆ ಉಳಿಯುವುದು ಪ್ರತ್ಯಕ್ಷ ಮತ್ತು ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಲಿಂಗಗಳನ್ನು ಕಂಡು ಆರೈಕೆಯನ್ನು ಊಹಿಸಬೇಕು.

ಅಂಥ ಲಿಂಗಗಳಲ್ಲಿ ಪ್ರಧಾನವಾದುದು ಚರ್ಮ. ಒಂದೇ ಮಗ್ಗುಲಲ್ಲಿ ಬಹುಕಾಲ ಮಲಗಿದವರ ಬೆನ್ನ ಕೆಳಭಾಗ, ಸೊಂಟದ ಬದಿ, ಹಿಮ್ಮಡಿ ಇವುಗಳಲ್ಲಿ ರಕ್ತಸಂಚಾರ ನಿಂತು ಹಾಸಿಗೆ ಹುಣ್ಣು ಆಗುತ್ತದೆ. ಇದಕ್ಕಾಗಿಯೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪದ್ಧತಿ ಬಂದಿರುವುದು. ಹುಣ್ಣಿನ ಆರಂಭವು ಒತ್ತಿದರೂ ಮಾಯವಾಗದ ಕೆಂಪು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದು, ಆ ಭಾಗ ಹೆಚ್ಚು ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಕೈಗೆ ತಿಳಿಯುತ್ತದೆ. ಹಾಗಾದಕಾರಣ ಹೊದಿಕೆಯನ್ನು ಸರಿಸಿ ಹಿಮ್ಮಡಿಯನ್ನು ಕೈಯಿಂದ ಮುಟ್ಟಿ ನೋಡದೆ ಹಿಂದಿರುಗಿದ ಮಗನು ಏನನ್ನೂ ನೋಡಿಲ್ಲವೆಂದೇ ಹೇಳಬೇಕು. ಪಾದಕ್ಕೆ ನಮಸ್ಕಾರ ಮಾಡುವ ಸಂಪ್ರದಾಯವಿರುವ ನಮಗೆ ಇದು ಕಷ್ಟವೂ ಅಲ್ಲ. ನಮಸ್ಕರಿಸುವ ಕೈಯೇ ಪರೀಕ್ಷಿಸಬಹುದು. ಎರಡನೆಯದು ತೂಕ. ಐವತ್ತು ಕಿಲೋ ಇದ್ದವರು ಕಾರಣ ತಿಳಿಯದೆ ಒಂದೇ ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ, ಅಂದರೆ ನೂರಕ್ಕೆ ಐದು ಪಾಲು ಇಳಿದರೆ, ವೈದ್ಯರು ಅದನ್ನು ಎಚ್ಚರಿಕೆಯ ಗುರುತೆಂದು ಎಣಿಸುತ್ತಾರೆ. ಪ್ರತಿ ತಿಂಗಳು ತೂಗಿ ಬರೆದಿಡುವ ಪುಸ್ತಕ ಆಶ್ರಮದಲ್ಲಿ ಇದೆಯೇ ಎಂದು ಕೇಳಿದರೆ, ಉತ್ತರದಿಂದಲೇ ಬಹಳಷ್ಟು ತಿಳಿಯುತ್ತದೆ. ತಂದೆಯ ಶ್ರಾದ್ಧತಿಥಿಯನ್ನು ಘಳಿಗೆ ವಿಘಳಿಗೆಯವರೆಗೆ ವಿಚಾರಿಸುವ ನಾವು ಬದುಕಿರುವ ತಂದೆಯ ತೂಕವನ್ನು ತಿಳಿದಿರುವುದಿಲ್ಲ.

ನಿದ್ರೆಯೂ ಒಂದು ಗುರುತು. ಹಗಲೆಲ್ಲ ಮಂಪರಿನಲ್ಲಿರುವವರು, ಕರೆದರೆ ಕಣ್ಣು ಬಿಡಲಾರದವರು ಶಾಂತರಾಗಿದ್ದಾರೆಂದು ತಿಳಿಯಬಾರದು. ಏನು ಔಷಧಿ, ಯಾವ ವೈದ್ಯರು ಬರೆದದ್ದು, ಎಂದಿನಿಂದ ಎಂದು ಕೇಳಬೇಕು. ಮರೆವಿನ ರೋಗವುಳ್ಳ ವೃದ್ಧರನ್ನು ಸುಮ್ಮನಾಗಿಸಲು ಮನೋರೋಗದ ಕೆಲವು ಔಷಧಿಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಮಣಿಕಟ್ಟಿನಲ್ಲಿ ಬಟ್ಟೆ ಕಟ್ಟಿದ ಗುರುತು ಇದ್ದರೆ ಅದಕ್ಕೂ ಕಾರಣ ಕೇಳಬೇಕು. ಕೋಣೆಯ ವಾಸನೆಯ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ನೀರಿನ ವಿಷಯವನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪೌರೋಹಿತ್ಯದ ನಿಮಿತ್ತ, ತೀರ್ಥಪ್ರಸಾದ ಕೊಡಲು, ಒಂದೆರಡು ಆಶ್ರಮಗಳಿಗೆ ಹೋಗಿಬರುವ ಸಂದರ್ಭ ನನಗೆ ಒದಗಿದೆ. ಒಂದು ಕಡೆ ಎಲ್ಲವೂ ಅಚ್ಚುಕಟ್ಟಾಗಿತ್ತು; ಪ್ರತಿ ಮಂಚದ ಪಕ್ಕದಲ್ಲಿ ಸಣ್ಣ ಮೇಜು, ಮೇಜಿನ ಮೇಲೆ ಮುಚ್ಚಳ ಹಾಕಿದ ನೀರಿನ ಲೋಟ. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋಗಿದ್ದ ಒಬ್ಬ ವೃದ್ಧರಿಗೆ ತೀರ್ಥ ಕೊಟ್ಟೆ. ಇನ್ನೊಂದು ಸಲ ಎಂದರು. ಕೊಟ್ಟೆ. ಮತ್ತೊಂದು ಸಲ ಎಂದರು. ಭಕ್ತಿಯೆಂದು ಭಾವಿಸಿ ಮೂರು ಉದ್ಧರಣೆಯ ಮೇಲೂ ಕೊಟ್ಟೆ. ಆಮೇಲೆ ಗಮನಿಸಿದಾಗ ಆ ಮೇಜು ಅವರ ಬಲಗಡೆಗೆ ಇತ್ತು. ಲೋಟದಲ್ಲಿ ನೀರು ತುಂಬಿಯೇ ಇತ್ತು. ನೀರಿಟ್ಟಿದ್ದಾರೆಯೇ ಎಂದು ತಪಾಸಣೆ ಮಾಡಿದವರು ಇಟ್ಟಿದ್ದಾರೆ ಎಂದೇ ಬರೆದುಕೊಂಡು ಹೋಗುತ್ತಿದ್ದರು. ಮೇಜನ್ನು ಎಡಕ್ಕೆ ಸರಿಸುವುದಕ್ಕೆ ಖರ್ಚೇನೂ ಇಲ್ಲ. ಆ ವ್ಯಕ್ತಿಯ ಯಾವ ಕೈ ಏಳುತ್ತದೆ ಎಂಬುದನ್ನು ಯಾರಾದರೂ ಒಬ್ಬರು ಯೋಚಿಸಬೇಕಾಗಿತ್ತು. ಸಾಧನಕ್ಕೂ ಕ್ರಿಯೆಗೂ ಇರುವ ಅಂತರವೆಂದರೆ ಅಷ್ಟೇ, ಒಂದು ಮಂಚದ ಅಗಲ.

ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕುಂದುತ್ತದೆ. ಜೊತೆಗೆ, ರಾತ್ರಿ ಎದ್ದು ಹೋಗಬೇಕಾದೀತು, ಆಯಾಳನ್ನು ಎಬ್ಬಿಸಬೇಕಾದೀತು ಎಂಬ ಸಂಕೋಚದಿಂದ ಬೇಕೆಂದೇ ನೀರು ಕುಡಿಯದವರೂ ಇದ್ದಾರೆ. ನಮ್ಮ ಕುಟುಂಬಗಳಲ್ಲಿ ಇದಕ್ಕೆ ಒಂದು ಸುಲಭವಾದ ಮರೆ ಸಿಗುತ್ತದೆ. ಇಂದು ಏಕಾದಶಿ ಎಂದರೆ ಮರುಮಾತಿಲ್ಲ. ನಾಳೆ ನಕ್ತ, ನಾಡಿದ್ದು ಶ್ರವಣ ಎನ್ನುತ್ತ ಉಪವಾಸಗಳು ಬೆಳೆದರೂ ಯಾರೂ ಪ್ರಶ್ನಿಸುವುದಿಲ್ಲ, ವ್ರತನಿಷ್ಠರೆಂದು ಹೊಗಳುತ್ತೇವೆ. ಏಕಾದಶಿಯ ಉಪವಾಸವನ್ನು ಸ್ಮೃತಿಗಳು ಎಂಟರಿಂದ ಎಂಬತ್ತರವರೆಗಿನ ವಯಸ್ಸಿನವರಿಗೆ ವಿಧಿಸಿವೆ. ಆ ಮೇರೆಯನ್ನು ದಾಟಿದವರು ಶ್ರದ್ಧೆಯಿಂದ ಆಚರಿಸಿದರೆ ನಾವು ಅಡ್ಡಿಪಡಿಸಬೇಕಾಗಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ನಿರಾಹಾರವಿರುವ ದಿನ ಔಷಧಿಯ ಪ್ರಮಾಣ ಏನಾಗಬೇಕೆಂದು ವೈದ್ಯರನ್ನು ಮೊದಲೇ ಕೇಳಿ, ಆಶ್ರಮದ ನರ್ಸಿಗೆ ಪಂಚಾಂಗದ ತಿಥಿಗಳನ್ನು ಬರೆದು ಕೊಟ್ಟಿರಬೇಕು. ಅದಕ್ಕಿಂತ ಮುಖ್ಯವಾಗಿ, ಈ ಉಪವಾಸ ಹರಿಪ್ರೀತಿಗಾಗಿಯೋ ಧೃತರಾಷ್ಟ್ರನ ಉಪವಾಸದಂತಹುದೋ ಎಂಬುದನ್ನು ಅರಿಯುವ ಒಬ್ಬ ಗಾಂಧಾರಿಯಾದರೂ ಹತ್ತಿರ ಇರಬೇಕು.

ಆರೈಕೆ ನಿಜವಾಗಿ ನಡೆಯುವುದು ಆಯಾಗಳ ಮತ್ತು ಹುಡುಗರ ಕೈಯಲ್ಲಿ. ವೈದ್ಯರು ವಾರಕ್ಕೊಮ್ಮೆ ಬಂದಾರು. ರಾತ್ರಿ ಎರಡು ಗಂಟೆಗೆ ಬಟ್ಟೆ ಬದಲಿಸುವವರು ಇವರು. ಆದುದರಿಂದ ಹಗಲಿನ ಸಿಬ್ಬಂದಿಯ ಸಂಖ್ಯೆಗಿಂತ ರಾತ್ರಿಯ ಸಂಖ್ಯೆಯನ್ನು ಕೇಳಬೇಕು. ಹಾಸಿಗೆ ಹಿಡಿದವರು ಮೂವತ್ತು ಮಂದಿ, ರಾತ್ರಿ ನೋಡುವವರು ಇಬ್ಬರು ಎಂದಾದರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಮಾತು ಬರಿಯ ಗಣಿತದಿಂದಲೇ ಬಿದ್ದುಹೋಗುತ್ತದೆ. ಒಬ್ಬೊಬ್ಬರಿಗೆ ಹತ್ತು ನಿಮಿಷವೆಂದರೂ ಮೂವತ್ತು ಜನಕ್ಕೆ ಐದು ಗಂಟೆ ಬೇಕು. ಭಾರವಾದ ದೇಹವನ್ನು ತಿರುಗಿಸಲು ಇಬ್ಬರೂ ಒಟ್ಟಿಗೆ ಬೇಕು. ಅಂಥಲ್ಲಿ ಆಯಾಳನ್ನು ಗದರಿಸಿ ಫಲವಿಲ್ಲ. ಅವರಿಗೆ ಸಂಬಳ ಸಕಾಲಕ್ಕೆ ಸಿಗುತ್ತದೆಯೇ, ವಾರಕ್ಕೊಂದು ರಜೆ ಉಂಟೇ, ವರ್ಷದಲ್ಲಿ ಎಷ್ಟು ಮಂದಿ ಬಿಟ್ಟುಹೋದರು ಎಂದು ವ್ಯವಸ್ಥಾಪಕರನ್ನು ಕೇಳುವುದು ಅಧಿಕಪ್ರಸಂಗವಲ್ಲ. ತಿಂಗಳಿಗೊಂದು ಹೊಸ ಮುಖ ಬರುವ ಮನೆಯಲ್ಲಿ ವೃದ್ಧರ ಯಾವ ಕೈ ಏಳುತ್ತದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಇಲ್ಲಿಯೇ ಒಂದು ಅಪ್ರಿಯವಾದ ಮಾತನ್ನು ಹೇಳಬೇಕಾಗಿದೆ. ತಂದೆತಾಯಿಯರನ್ನು ಮುಟ್ಟಿ ತೊಳೆಯುವವರು ಯಾವ ಜಾತಿಯವರು ಎಂದು ವಿಚಾರಿಸಿ, ಅವರನ್ನು ಬದಲಿಸಿ ಎಂದು ಕೇಳುವ ಕುಟುಂಬಗಳು ಇವೆ. ಮಲಮೂತ್ರವನ್ನು ತಾನು ತೊಳೆಯಲಾರದ ಮಗನಿಗೆ, ತೊಳೆಯುವ ಕೈಯ ಕುಲವನ್ನು ಕೇಳುವ ಅಧಿಕಾರ ಎಲ್ಲಿಂದ ಬಂತು? ವನಪರ್ವದ ಕೌಶಿಕನನ್ನು ಸ್ಮರಿಸಿಕೊಳ್ಳೋಣ. ವೃದ್ಧರಾದ ತಂದೆತಾಯಿಯರನ್ನು ಕೇಳದೆ, ಅವರನ್ನು ಉಪೇಕ್ಷಿಸಿ, ವೇದಾಧ್ಯಯನಕ್ಕೆಂದು ಮನೆ ಬಿಟ್ಟ ಬ್ರಾಹ್ಮಣ ಅವನು. ಧರ್ಮವನ್ನು ತಿಳಿಯಲು ಅವನು ಹೋಗಬೇಕಾದದ್ದು ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದ ವ್ಯಾಧನ ಬಳಿಗೆ. ವ್ಯಾಧನು ಉಪದೇಶವನ್ನು ಬಾಯಲ್ಲಿ ಹೇಳಿ ಮುಗಿಸಲಿಲ್ಲ. ಒಳಗೆ ಕರೆದೊಯ್ದು, ಊಟ ಮುಗಿಸಿ ಬಿಳಿಯ ವಸ್ತ್ರ ಉಟ್ಟು ಆಸನದಲ್ಲಿ ಕುಳಿತಿದ್ದ ತನ್ನ ತಂದೆತಾಯಿಯರನ್ನು ತೋರಿಸಿದನು. ಇವರಿಗೆ ಸ್ನಾನ ಮಾಡಿಸುವುದು, ಕಾಲು ತೊಳೆಯುವುದು, ಊಟಕ್ಕೆ ಕೊಡುವುದು ಎಲ್ಲ ನಾನೇ ಎಂದನು. ಧರ್ಮದ ಪ್ರಮಾಣವಾಗಿ ಅವನು ಮುಂದಿಟ್ಟದ್ದು ಚೆನ್ನಾಗಿ ನೋಡಿಕೊಂಡ ಇಬ್ಬರು ವೃದ್ಧರ ಶರೀರಗಳನ್ನು.

ಪರೀಕ್ಷೆಯೂ ಮೋಸಹೋಗುವುದುಂಟು ಎಂಬುದಕ್ಕೆ ಹೊರದೇಶದ ಉದಾಹರಣೆ ಇದೆ. ನಮ್ಮ ಅನೇಕ ಮಕ್ಕಳು ಅಲ್ಲಿಯೇ ನೆಲಸಿರುವುದರಿಂದ ಅಪ್ರಸ್ತುತವೆನಿಸದು. ಅಮೆರಿಕದಲ್ಲಿ ಇಂಥ ಆರೈಕೆಯ ಮನೆಗಳಿಗಾಗಿ 1987ರಲ್ಲಿ ಒಂದು ಸುಧಾರಣಾ ಕಾಯಿದೆ ಬಂದಿತು. ಮುನ್ಸೂಚನೆ ಇಲ್ಲದೆ ತಪಾಸಣೆ ನಡೆಸುವ ಕ್ರಮ ಅಲ್ಲಿದೆ. 2008ರಲ್ಲಿ ಪ್ರತಿಯೊಂದು ಮನೆಗೂ ಒಂದರಿಂದ ಐದು ನಕ್ಷತ್ರಗಳ ಶ್ರೇಣಿ ಕೊಡುವ ಪದ್ಧತಿ ಆರಂಭವಾಯಿತು. ಆದರೆ ಸಿಬ್ಬಂದಿ ಎಷ್ಟೆಂಬ ಲೆಕ್ಕವನ್ನು ಆ ಮನೆಗಳೇ ಒಪ್ಪಿಸುತ್ತಿದ್ದವು; ಆಕ್ಷೇಪಗಳು ಬಂದ ಮೇಲೆ, 2016ರಿಂದ ಸಂಬಳದ ದಾಖಲೆಯ ಆಧಾರದಿಂದಲೇ ಲೆಕ್ಕ ಕೊಡಬೇಕೆಂದಾಯಿತು. ನಮ್ಮ ದೇಶದಲ್ಲಿ ಖಾಸಗಿ ವೃದ್ಧಾಶ್ರಮಗಳಿಗೆ ಅಂಥ ಕಡ್ಡಾಯವಾದ ರಾಷ್ಟ್ರೀಯ ಶ್ರೇಣಿಯೇ ಇಲ್ಲ. ಆದಕಾರಣ ಇಲ್ಲಿ ತಪಾಸಕನೂ ಮಗನೇ, ನಕ್ಷತ್ರ ಕೊಡುವವನೂ ಮಗನೇ. ಭಾನುವಾರ ಹನ್ನೊಂದು ಗಂಟೆಗೆ ಬರುತ್ತೇವೆಂದು ಮೊದಲೇ ತಿಳಿಸಿ ಹೋದರೆ ಬೆಳಿಗ್ಗೆ ಹತ್ತಕ್ಕೆ ಹಾಸಿಗೆಯ ಬಟ್ಟೆ ಬದಲಾಗಿರುತ್ತದೆ. ಹೇಳದೆ, ಊಟದ ಹೊತ್ತಿಗೆ ಅಥವಾ ದೀಪ ಹಚ್ಚಿದ ಮೇಲೆ ಹೋಗಬೇಕು. ಅನ್ನ ತಟ್ಟೆಯಲ್ಲಿದೆಯೋ ಹೊಟ್ಟೆಗೆ ಹೋಗುತ್ತಿದೆಯೋ ಎಂಬುದು ಆಗ ತಿಳಿಯುತ್ತದೆ.

ಕಾನೂನಿನ ಬಗ್ಗೆ ಎರಡೇ ಮಾತು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕುರಿತ 2007ರ ಕೇಂದ್ರ ಅಧಿನಿಯಮದಂತೆ, ತಮ್ಮ ಆದಾಯದಿಂದ ಜೀವಿಸಲಾರದ ವೃದ್ಧರು ಮಕ್ಕಳಿಂದ ಜೀವನಾಂಶವನ್ನು ಕೋರಬಹುದು. ರಕ್ಷಣೆಯ ಹೊಣೆಯುಳ್ಳವರು ವೃದ್ಧರನ್ನು ಸಂಪೂರ್ಣವಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಐದು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಎಂದು ಅದರಲ್ಲಿ ಹೇಳಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಯಾರೂ ಕರೆ ಮಾಡಬಹುದು. ಆದರೆ ತಿಂಗಳ ಹಣವನ್ನು ತಪ್ಪದೆ ಕಟ್ಟುತ್ತ, ಮೂರು ವರ್ಷ ಮುಖವನ್ನೇ ತೋರಿಸದ ಮಗನನ್ನು ಈ ಕಲಮು ಮುಟ್ಟುವುದು ಕಷ್ಟ. ಅವನು ತ್ಯಜಿಸಿಲ್ಲ; ರಸೀದಿ ಇದೆ.

ದೂರದಲ್ಲಿರುವವರು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಟೆಲಿಫೋನಿನಲ್ಲಿ ಊಟವಾಯಿತೇ ಎಂದು ಕೇಳಿದರೆ ಆಯಿತು ಎಂಬ ಉತ್ತರವೇ ಬರುವುದು. ಏನು ಊಟ ಮಾಡಿದಿರಿ, ಯಾರು ಬಡಿಸಿದರು, ಇವತ್ತು ಹಾಸಿಗೆ ಬಿಟ್ಟು ಎಷ್ಟು ಹೊತ್ತು ಕುಳಿತಿದ್ದಿರಿ ಎಂದು ಕೇಳಬೇಕು. ಮುಖ ಕಾಣುವ ಕರೆಯಾದರೆ ಕಾಲನ್ನೂ ತೋರಿಸಲು ಹೇಳಬೇಕು. ಊರಿನಲ್ಲಿರುವ ನಮಗೂ ಇದರಲ್ಲಿ ಕೆಲಸವಿದೆ. ನಮ್ಮ ಭಜನಾ ಮಂಡಳಿಗಳವರು ಉತ್ಸವಕಾಲದಲ್ಲಿ ಆಶ್ರಮಗಳಿಗೆ ಹೋಗಿ ಹಾಡಿ ಬರುವುದುಂಟು, ಸಂತೋಷವೇ. ಅದರ ಜೊತೆಗೆ, ಉತ್ಸವವಿಲ್ಲದ ವಾರಗಳಲ್ಲಿ, ಪ್ರಸಾದದ ಪೊಟ್ಟಣದೊಡನೆ ಇಬ್ಬರಿಬ್ಬರು, ಹಾಡದೆ, ಮುಂಚಿತವಾಗಿ ತಿಳಿಸದೆ ಹೋಗಬಹುದು. ಮಕ್ಕಳು ದೂರದಲ್ಲಿರುವ ಒಬ್ಬಿಬ್ಬರ ಬಳಿ ಅರ್ಧ ಗಂಟೆ ಕುಳಿತು, ತೂಕದ ಪುಸ್ತಕವನ್ನು ನೋಡಿ, ಕಂಡದ್ದನ್ನು ಮಕ್ಕಳಿಗೆ ಒಂದು ಪತ್ರದಲ್ಲಿ ಬರೆದು ತಿಳಿಸಬಹುದು. ಹೋದಾಗ ಆಯಾಗಳಿಗೂ ಪ್ರಸಾದ ಕೊಡುವುದನ್ನು ಮರೆಯಬಾರದು. ನೀರಿನ ಲೋಟ ಯಾವ ಕಡೆಗಿದೆ ಎಂದು ನೋಡಿ, ಬೇಕಾದರೆ ಮೇಜನ್ನು ತಾವೇ ಸರಿಸಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥